ಜರಡಿಯ ಕೆಳಗೆ ಬಿದ್ದ ಗೋಧಿ

ಕೋಳಿಗೂಡಿನ ಬಾಗಿಲು ತೆಗೆದು ಅವಳು ಒಳಗೆ ನುಗ್ಗಿದಾಗ ಹುಂಜ ಮೈಮೇಲೇ ಬಂತು. "ಥೂ, ಹೋಗಾಚೆ!" ಎಂದು ಗದರಿ, ಮಂಡಿಯೂರಿ, ಹೊಟ್ಟಿನ ನಡುವಿನಿಂದ ಗೋಧಿ ಕಾಳು ಆರಿಸತೊಡಗಿದಳು. ಎಲ್ಲವೂ ಸೊರಗಿ ಸುಕ್ಕುಬಿದ್ದ ಕಾಳು. ವರ್ಷಗಟ್ಟಲೆ ತಾನೇ ಇಕ್ಕಳ ಹಿಡಿದು, ತೆನೆಯಿಂದ ತೆನೆಗೆ ಪರಾಗ ಹಾಯಿಸಿ, ಕಣ್ಣಲ್ಲಿ ಕಣ್ಣಿಟ್ಟು ಕಾಯ್ದ ತಳಿ ಅದು.

ತಳಿ ಕೇಂದ್ರದ ಕಟ್ಟಳೆ ಹಳೆಯದು: ಜರಡಿಯ ಮೇಲೆ ನಿಂತದ್ದು ಬಿತ್ತನೆಗೆ, ಕೆಳಗೆ ಬಿದ್ದದ್ದು ಕೋಳಿಗೆ. ಅವಳು ರಜೆಯಲ್ಲಿದ್ದಾಗ ಮುಖ್ಯಸ್ಥರು ಸ್ವತಃ ನಿಂತು ಅವಳ ತಳಿಯ ಚೀಲವನ್ನೂ ಜರಡಿಗೆ ಸುರಿದಿದ್ದರು. ಒಂದು ಕಾಳೂ ಮೇಲೆ ನಿಲ್ಲಲಿಲ್ಲ.

"ಏನಮ್ಮಾ ಇದು ಹುಚ್ಚಾಟ? ಎದ್ದು ಬಾ ಈಚೆಗೆ."

ಬಾಗಿಲಲ್ಲಿ ಮುಖ್ಯಸ್ಥರು ನಿಂತಿದ್ದರು. ಅವಳಿಗೆ ಇಕ್ಕಳ ಹಿಡಿಯಲು ಕಲಿಸಿದವರು ಅವರೇ. ಅದಕ್ಕೇ ಅವಳ ಸಿಟ್ಟು ದುಪ್ಪಟ್ಟಾಗಿತ್ತು.

"ಬರಲ್ಲ ಸರ್. ಇರೋ ಬೀಜ ಇಷ್ಟೇ."

"ಜೊಳ್ಳು ಕಣಮ್ಮ ಅದು!"

"ಜೊಳ್ಳಲ್ಲ. ಪಿಷ್ಟದ ಎಳೆಗೆ ಕವಲು ಒಡೆಸೋ ಜೀನು ಗೋಧೀಲಿ ಮೂರು ಕಡೆ ಇದೆ. ಮೂರನ್ನೂ ಸುಮ್ಮನಾಗಿಸಿದ್ರೇನೇ ಪಿಷ್ಟ ಬೇಗ ಕರಗದೆ ನಾರಿನ ಥರ ಉಳಿದು ಹೊಟ್ಟೆಗೆ ಒಳ್ಳೇದು ಮಾಡೋದು. ಹಾಗಾದಾಗ ಕಾಳು ಸೊರಗತ್ತೆ. ನೀವು ಜರಡಿ ಹಿಡಿದು ಅದನ್ನೇ ಎಸೀತೀರಿ. ಊರಲ್ಲಿ ಹೊಟ್ಟೆ ಚೆನ್ನಾಗಿರೋದು ನಿಮ್ಮ ಕೋಳಿಗಳದು ಮಾತ್ರ!"

ಬೇಲಿಯಾಚೆ ಟ್ರ್ಯಾಕ್ಟರ್ ಚಾಲಕ ಕಿಸಕ್ಕನೆ ನಕ್ಕ. ಮುಖ್ಯಸ್ಥರ ಕಿವಿ ಕೆಂಪಾಯಿತು.

"ಇಳುವರಿ ಇಲ್ಲದ ತಳಿಗೆ ನನ್ನ ಹೊಲದಲ್ಲಿ ಗೇಣು ಜಾಗಾನೂ ಕೊಡಲ್ಲ."

"ನಿಮ್ಮ ಹೊಲ ಯಾರಿಗೆ ಬೇಕು?"

ಆರಿಸಿದ್ದು ಒಂದು ಹಿಡಿಯೂ ತುಂಬಲಿಲ್ಲ. ಅಷ್ಟನ್ನೇ ಮುಷ್ಟಿಯಲ್ಲಿ ಬಿಗಿಹಿಡಿದು ಅವಳು ನೇರವಾಗಿ ಅವರ ಕಚೇರಿಯ ಕಿಟಕಿಯ ಕೆಳಗೆ ನಡೆದಳು. ಬಂದ ಅತಿಥಿಗಳು ಮೆಚ್ಚಲೆಂದು ಅವರೇ ನೀರು ಹನಿಸಿ ಬೆಳೆಸಿದ ಹೂವಿನ ಪಾತಿ ಅಲ್ಲಿತ್ತು. ಮುಲಾಜಿಲ್ಲದೆ ಹೂಗಿಡಗಳನ್ನು ಕಿತ್ತು, ಬೆರಳಿಂದ ಗೆರೆ ಎಳೆದು, ಕಾಳುಗಳನ್ನು ಒಂದೊಂದಾಗಿ ಊರಿ ಮಣ್ಣು ಮುಚ್ಚಿದಳು. ಗೂಡಿನ ಬಾಗಿಲು ತೆರೆದೇ ಇತ್ತಲ್ಲ, ಕೋಳಿಗಳೆಲ್ಲ ಅವಳ ಬೆನ್ನಿಗೇ ಬಂದಿದ್ದವು. ಅವಳು ಜಗಲಿಯ ಗೋಡೆಗೆ ಒರಗಿಸಿದ್ದ ಜರಡಿಯನ್ನು ತಂದು ಪಾತಿಯ ಮೇಲೆ ಬೋರಲು ಹಾಕಿದಳು.

"ಅಯ್ಯೋ, ನನ್ನ ಜರಡಿ! ನಾಳೆ ಬಿತ್ತನೆ ಇದೆ ಕಣಮ್ಮ!"

"ಮೊಳಕೆ ಬರೋ ತನಕ ಸಿಗಲ್ಲ ಸರ್."

ಕೈಯ ಮಣ್ಣು ಕೊಡವಿ, ಹಿಂತಿರುಗಿ ನೋಡದೆ ಅವಳು ನಲ್ಲಿಯ ಕಡೆ ಹೋದಳು. ಮುಖ್ಯಸ್ಥರು ಗೊಣಗುತ್ತ ಜರಡಿಯನ್ನು ಎತ್ತಲು ಬಗ್ಗಿದರು. ಅಷ್ಟರಲ್ಲಿ ಹುಂಜ ಓಡಿಬಂದು ಅದರ ಅಂಚಿಗೆ ಕತ್ತು ಚಾಚಿತು.

ಅವರು ಜರಡಿಯನ್ನು ಅಲ್ಲೇ ಒತ್ತಿ ಹಿಡಿದು, "ಹುಶ್" ಎಂದರು.