ಹೊರಗಿನಿಂದ ಕಾಣುವ ಟಿವಿ

ಟಿವಿ ಕೊಳ್ಳಲು ಹೋದವರು ಟಿವಿಯ ಹತ್ತಿರ ಹೋಗುತ್ತಾರೆ. ಮುಟ್ಟುತ್ತಾರೆ, ಬಣ್ಣ ನೋಡುತ್ತಾರೆ, ಗ್ಯಾರಂಟಿ ಎಷ್ಟು ವರ್ಷ ಎಂದು ಕೇಳುತ್ತಾರೆ. ಪಾರ್ವತೆಮ್ಮ ಹಿಂದಕ್ಕೆ ಹೋದಳು. ರಾಯಚೂರಿನ ಆ ದೊಡ್ಡ ಅಂಗಡಿಯಲ್ಲಿ ಗೋಡೆ ತುಂಬ ಇದ್ದ ಟಿವಿಗಳೆಲ್ಲ ಒಂದೇ ಹುಲಿಯನ್ನು ಓಡಿಸುತ್ತಿದ್ದವು. ಆಕೆ ಅವುಗಳ ಮೇಲಿಟ್ಟ ಕಣ್ಣು ಕೀಳದೆ ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದು, ಫ್ರಿಜ್ಜಿಗೆ ಬೆನ್ನು ತಾಗಿಸಿಕೊಂಡು, ಅದನ್ನು ಬಳಸಿ, ಬಾಗಿಲು ದಾಟಿ, ಮೆಟ್ಟಿಲಿಳಿದು ಆಟೋಗಳು ನಿಲ್ಲುವ ಜಾಗದಲ್ಲಿ ಹೋಗಿ ನಿಂತಳು. ಅಲ್ಲಿಂದ ಹಣೆಗೆ ಕೈ ಅಡ್ಡ ಹಿಡಿದು ಒಳಗೆ ನೋಡತೊಡಗಿದಳು.

ಮಗ ಶೇಖರನಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆತ ಪಿಯು ಕಾಲೇಜಿನ ಉಪನ್ಯಾಸಕ. ಇಸ್ತ್ರಿ ಮುರಿಯದ ಅಂಗಿ, ಅಳೆದು ತೂಗಿದ ಮಾತು. ಅಂಗಡಿಗೆ ಬಂದ ನಾಲ್ಕು ಜನರ ಎದುರು ಹೆತ್ತವ್ವ ಹೀಗೆ ಬೀದಿಯಲ್ಲಿ ನಿಂತು ಹಣಕಿ ನೋಡಿದರೆ ಅವನಿಗೆ ಹೇಗಾಗಬೇಡ? ಟಿವಿ ತೋರಿಸುತ್ತಿದ್ದ ಮುಷರ್ರಫ್ ಮಾತ್ರ ಒಳ್ಳೆಯ ಹುಡುಗ. ನಗದೆ ಹೊರಗೆ ಬಂದು, ಒಳಗೆ ಸೋಫಾ ಇದೆ, ಕುಂತು ಆರಾಮಾಗಿ ನೋಡಿ ಎಂದು ಕರೆದ.

“ಒಳಗ ಕುಂತವರಿಗೆ ಎಲ್ಲಾ ಟಿವೀನೂ ಛಲೋನೇ ಕಾಣಸ್ತಾವಪ್ಪಾ,” ಅಂದಳು ಪಾರ್ವತೆಮ್ಮ. “ಇಲ್ಲಿಗೆ ಕಾಣ್ಬೇಕು.”

ಮುಷರ್ರಫನಿಗೆ ಅರ್ಥವಾಗಲಿಲ್ಲ. ಶೇಖರನಿಗೆ ಚೆನ್ನಾಗಿ ಅರ್ಥವಾಯಿತು, ಅದಕ್ಕೇ ಅವನಿಗೆ ಸಿಟ್ಟು.

ದೇವದುರ್ಗ ತಾಲೂಕಿನ ಮಸರಕಲ್ಲಿನಲ್ಲಿ ಪಾರ್ವತೆಮ್ಮ ಪರಕಾರ ಹಾಕುವ ಪುಟ್ಟ ಹುಡುಗಿಯಾಗಿದ್ದಾಗ ಊರಿಗೆಲ್ಲ ಇದ್ದದ್ದು ಒಂದೇ ಟಿವಿ, ಗೌಡರದು. ಅದು ಪಡಸಾಲೆಯಲ್ಲಿತ್ತು. ಊರವರು ಪಡಸಾಲೆಯಲ್ಲಿ ಕೂರುತ್ತಿದ್ದರು, ಊರವರ ಆಳುಗಳು ಕಟ್ಟೆಯ ಮೇಲೆ, ಕೇರಿಯ ಮಕ್ಕಳು ಕಟ್ಟೆಯನ್ನೂ ಮುಟ್ಟದಂತೆ ಅಂಗಳದ ಆಚೆ ತುದಿಯಲ್ಲಿ. ಅಲ್ಲಿಗೆ ದೇವರುಗಳು ಹೆಬ್ಬೆರಳಿನಷ್ಟು ಕಾಣುತ್ತಿದ್ದರು. ಯಾರು ಯಾರಿಗೆ ಬಾಣ ಬಿಟ್ಟರು ಅನ್ನುವುದನ್ನು ಮುಂದೆ ಕೂತವರು ಹೋ ಎಂದದ್ದನ್ನು ಕೇಳಿ ತಿಳಿದುಕೊಳ್ಳಬೇಕು. ಮದುವೆಯಾಗಿ ಮಾನ್ವಿಗೆ ಬಂದ ಮೇಲೆ ಗಂಡ ಅಯ್ಯಣ್ಣ ಒಂದು ಡಬ್ಬಿ ಟಿವಿ ತಂದ. ಪಾರ್ವತೆಮ್ಮ ಅದನ್ನು ಬಾಗಿಲಿಗೆ ಎದುರಾಗಿ ಇಡಿಸಿದಳು. ಕೇರಿಯ ಹೆಂಗಸರೆಲ್ಲ ಸಂಜೆ ಅವಳ ಮನೆಯಲ್ಲೇ, ಒಳಗೆ ಹಿಡಿಸದವರು ಓಣಿಯಲ್ಲಿ. ಅಳುವುದು, ನಗುವುದು, ಧಾರಾವಾಹಿಯ ಅತ್ತೆಗೆ ಶಾಪ ಹಾಕುವುದು, ನಡುನಡುವೆ ನೀರಮಾನ್ವಿ ಯಲ್ಲಮ್ಮನ ಆಣೆ. ಅಯ್ಯಣ್ಣ ಸತ್ತ ವರ್ಷ ಆ ಮಂದಿ ಸುತ್ತ ಇದ್ದುದಕ್ಕೇ ಅವಳು ಹುಚ್ಚಿಯಾಗದೆ ಉಳಿದಳು.

ಶೇಖರನಿಗೆ ರಾಯಚೂರಿಗೆ ವರ್ಗವಾಯಿತು. ಮಾನ್ವಿಯ ಮನೆಯನ್ನು ಮೈದುನನಿಗೆ ಬಿಟ್ಟು ಬಂದರು. ಸಾಮಾನು ಇಳಿಸುವಾಗ ಡಬ್ಬಿ ಟಿವಿ ಕೆಳಗೆ ಬಿದ್ದು ಸತ್ತಿತು.

ಇನ್ನು ಬಾಡಿಗೆ ಮನೆಯ ಕತೆ. ಮೊದಲು ಹೆಸರು ಕೇಳುತ್ತಾರೆ. ಹೆಸರಿನಿಂದ ತಿಳಿಯದಿದ್ದರೆ ಊರು. ಊರಿನಿಂದಲೂ ತಿಳಿಯದಿದ್ದರೆ, ತಪ್ಪು ತಿಳಿಯಬೇಡಿ ಎಂದು ಪೀಠಿಕೆ ಹಾಕಿ, ನೀವು ಯಾವ ಪೈಕಿ ಎನ್ನುತ್ತಾರೆ. ಶೇಖರ ನಿಜ ಹೇಳಿದ ಕಡೆಯಲ್ಲೆಲ್ಲ ಮನೆ ನಿನ್ನೆಯೇ ಬೇರೆಯವರಿಗೆ ಹೋಗಿರುತ್ತಿತ್ತು. ಗೇಟಿಗೆ ತೂಗಿದ ಬೋರ್ಡು ಮಾತ್ರ ಮರುವಾರವೂ ಅಲ್ಲೇ ತೂಗುತ್ತಿತ್ತು. ಕೊನೆಗೆ ಹಾಲೇಶ ಎಂಬುವವನ ಮನೆಗೆ ಹೋದಾಗ, ಅವನು ಬಾಯಿ ತೆರೆಯುವ ಮೊದಲೇ ಶೇಖರ ತಾವು ಶಾಕಾಹಾರಿಗಳು ಎಂದುಬಿಟ್ಟ. ಉಳಿದದ್ದನ್ನು ಹಾಲೇಶ ತಾನೇ ಊಹಿಸಿಕೊಂಡ. ಮೇಲೆ ಮಾಲೀಕರು, ಕೆಳಗೆ ಇವರು. ಬಾಬಾಸಾಹೇಬರ ಫೋಟೊ ಅಲ್ಮೇರಾದೊಳಗೆ ಸೀರೆಗಳ ಹಿಂದೆ ಹೋಯಿತು. ಮನೆಯಲ್ಲಿ ಮಾಂಸ ಬೇಯುವುದು ನಿಂತಿತು. ಇದನ್ನೆಲ್ಲ ಪಾರ್ವತೆಮ್ಮ ನುಂಗಿಕೊಂಡಳು, ಮಗ ಅಲೆದು ಅಲೆದು ಬಡಕಲಾಗಿದ್ದನ್ನು ಕಣ್ಣಾರೆ ಕಂಡಿದ್ದಳಲ್ಲ.

ಯಾರೊಂದಿಗೂ ಹೆಚ್ಚು ಮಾತು ಬೇಡ ಎಂದಿದ್ದ ಮಗ. ಊರು ಕೇಳಿದರೆ ಮಾನ್ವಿ ಅನ್ನು, ಅಷ್ಟೇ ಸಾಕು, ಓಣಿ ಹೇಳಬೇಡ, ತವರು ಹೇಳಬೇಡ. ಮಾತೇ ಊಟವಾಗಿದ್ದ ಹೆಂಗಸಿಗೆ ಇದು ಉಪವಾಸ. ಮಗ ಕಾಲೇಜಿಗೆ, ಸೊಸೆ ಉಮಾದೇವಿ ಆಸ್ಪತ್ರೆಗೆ ನರ್ಸಾಗಿ ಹೋದ ಮೇಲೆ ಪಾರ್ವತೆಮ್ಮ ಕಿಟಕಿಯಲ್ಲಿ ಕೂರುತ್ತಿದ್ದಳು. ಎದುರಿನ ಜಾಗದಲ್ಲಿ ದೊಡ್ಡ ಕಟ್ಟಡ ಏಳುತ್ತಿತ್ತು. ತಗಡಿನ ಶೆಡ್ಡುಗಳಲ್ಲಿ ಕೂಲಿಯವರು, ಅವರ ಮಕ್ಕಳು. ಹಬ್ಬಕ್ಕೆ ಗಬ್ಬೂರಿನ ಬಸ್ಸು ಹಿಡಿಯುವ ಮಾತು ಕೇಳಿಬರುತ್ತಿತ್ತು. ಅವಳದೇ ಸೀಮೆಯ ಮಂದಿ, ಅವಳದೇ ಮಾತು. ಹೋಗಿ ಮಾತಾಡಿಸುವಂತಿಲ್ಲ. ಟಿವಿಯೊಂದು ಬಂದರೆ, ಕಿಟಕಿ ತೆರೆದಿಟ್ಟರೆ, ಅವರೇ ಬಂದು ನಿಂತಾರು. ನಿಂತವರು ನಕ್ಕಾಗ ತಾನೂ ನಕ್ಕರೆ ಅದನ್ನು ಮಾತು ಅನ್ನಲು ಯಾರಿಗಾದರೂ ಬರುತ್ತದೆಯೇ? ಪಾಪದ ಮುದುಕಿಯ ಲೆಕ್ಕ ಇದು. ಅದಕ್ಕೇ ಆಕೆ ಅಂಗಡಿಯ ಹೊರಗೆ ಹೋಗಿ ನಿಂತಿದ್ದು.

ಶೇಖರ ಮಧ್ಯಮ ಗಾತ್ರದ್ದೊಂದನ್ನು ಮೊದಲೇ ಮನಸ್ಸಿನಲ್ಲಿ ಆರಿಸಿಟ್ಟಿದ್ದ. ಮನೆಯ ಹಾಲ್ ಚಿಕ್ಕದು, ದೊಡ್ಡ ಟಿವಿಯಿಂದ ಕಣ್ಣು ಹಾಳಾಗುತ್ತದೆ ಎಂದೆಲ್ಲ ಪಾಠ ಮಾಡಿದ. ಕೊನೆಗೆ ಬಾಯಿ ಹಾಕಿದವಳು ಜೊತೆಗೆ ಬಂದಿದ್ದ ಉಮಾದೇವಿ. ಅತ್ತೆ ಈ ಮನೆಗೆ ಬಂದಾಗಿನಿಂದ ಬಿಟ್ಟದ್ದೇ ಬಿಟ್ಟದ್ದು, ಕೇಳಿದ್ದು ಇದೊಂದೇ, ಕೊಡಿಸಿ ಎಂದಳು. ಅಂಗಡಿಯಲ್ಲಿದ್ದ ದೊಡ್ಡ ಟಿವಿಗಳಲ್ಲಿ ಒಂದನ್ನು ಪಾರ್ವತೆಮ್ಮ ಬೀದಿಯಲ್ಲಿ ನಿಂತೇ ಆರಿಸಿದಳು. ಹುಲಿಯ ಮೀಸೆಯ ಕೂದಲು ಕೂಡ ಕಾಣುತ್ತಿತ್ತು.

ಮರುದಿನ ಸಂಜೆ ಅಂಗಡಿಯ ಮೀರಾಹುಸೇನ ಬಂದು ಅದನ್ನು ಗೋಡೆಗೆ ಕೂರಿಸಿದ, ಕಿಟಕಿಗೆ ನೇರ ಎದುರಿನ ಗೋಡೆಗೆ. ಗೋಡೆ ಕೊರೆಯುವ ಸದ್ದು ಮೇಲಿನ ಮನೆಗೆ ಕೇಳದೆ ಇರುತ್ತದೆಯೇ? ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಹಾಲೇಶನ ಹೆಂಡತಿ ಇಳಿದು ಬಂದಳು. ಗೋಡೆಯ ತೂತುಗಳನ್ನು ಬೆರಳಿಂದ ಸವರಿ ನೋಡಿ, ಆಮೇಲೆ ಟಿವಿಯ ಗಾತ್ರ ಕಂಡು ಖುಷಿಯಾಗಿ, ಸೋಫಾದ ಮೇಲೆ ಕೂತು ಉಮಾದೇವಿ ಕೊಟ್ಟ ಚಹಾ ಕುಡಿದಳು. ಅವಳು ಈ ಮನೆಯ ಚಹಾ ಎಷ್ಟೋ ಸಲ ಕುಡಿದಿದ್ದಾಳೆ, ಸಕ್ಕರೆ ಹೆಚ್ಚು ಹಾಕಿಸಿಕೊಂಡು. ಒಮ್ಮೊಮ್ಮೆ ಪಾರ್ವತೆಮ್ಮನಿಗೆ ಅವಳು ಗುಟುಕು ನುಂಗುವಾಗಲೇ ನಿಜ ಹೇಳಿಬಿಡಬೇಕು ಅನ್ನಿಸುತ್ತಿತ್ತು.

ಯಾವುದೋ ಪೌರಾಣಿಕ ಸಿನಿಮಾ ಹತ್ತಿತ್ತು. ಪಾರ್ವತೆಮ್ಮ ಎದ್ದು ಕಿಟಕಿಯ ಎರಡೂ ರೆಕ್ಕೆ ತೆರೆದಳು. ಸ್ವಲ್ಪ ಹೊತ್ತಿಗೆ ಕಾಂಪೌಂಡಿನ ಮೇಲೆ ಎರಡು ಪುಟ್ಟ ತಲೆ ಮೂಡಿದವು, ಅವುಗಳ ಪಕ್ಕ ಮತ್ತೆರಡು, ಹಿಂದೆ ಸಿಮೆಂಟಿನ ಧೂಳು ಮೆತ್ತಿದ ಹೆಂಗಸರು. ದೇವರು ಆಕಾಶದಿಂದ ಇಳಿದಾಗ ಹೊರಗೆ ಒಂದು ಮಗು ಹೋ ಎಂದಿತು. ಪಾರ್ವತೆಮ್ಮನಿಗೆ ಎದೆ ತುಂಬಿ ಬಂತು. ಎಷ್ಟೋ ತಿಂಗಳ ಮೇಲೆ ತಾನಿರುವುದು ಮನೆ ಅನ್ನಿಸಿತು.

ಮಾಲೀಕಳು ಮುಖ ಕಿವುಚಿದಳು. ಈ ಕೂಲಿಯವರಿಗೆ ಕಿಟಕಿ ತೆರೆದರೆ ನಾಳೆ ಬಾಗಿಲಿಗೇ ಬರುತ್ತಾರೆ, ಮುಚ್ಚಿ ಎಂದಳು. ನೋಡಿದರೆ ಟಿವಿ ಏನು ಸವೆಯುತ್ತದೆಯೇ ಎಂದು ಪಾರ್ವತೆಮ್ಮ ನಗುತ್ತಲೇ ತಿರುಗಿ ಉತ್ತರ ಕೊಟ್ಟಳು. ಶೇಖರ ಸುಮ್ಮನೆ ಕೆಮ್ಮಿದ. ಆ ನಗೆಯೇ ಮುಳುವಾಯಿತು. ಹೊರಗಿನ ಹೆಂಗಸರಲ್ಲಿ ಒಬ್ಬಳು ಅದನ್ನು ಕೇಳಿ ಟಿವಿ ಬಿಟ್ಟು ಇತ್ತ ಕಣ್ಣು ಹೊರಳಿಸಿದಳು. ತೆರೆದಿದ್ದ ಗೇಟಿನಿಂದ ಒಳಗೆ ಬಂದಳು. ಕಿಟಕಿಯ ಸರಳಿಗೆ ಮುಖ ತಂದಳು.

“ಪಾರೀ? ನಮ್ಮ ಪಾರಿ ಅಲ್ಲೇನ್ಬೇ ನೀ? ನಾ ಭೀಮಿ. ಮಸರಕಲ್ ಕೇರಿ ಭೀಮಿ.”

ಭೀಮವ್ವ. ಗೌಡರ ಅಂಗಳದಲ್ಲಿ ಅವಳ ಪಕ್ಕದಲ್ಲಿ ನಿಲ್ಲುತ್ತಿದ್ದವಳು. ಎತ್ತರದ ಹುಡುಗಿ, ಪಾರಿಗೆ ಕಾಣದಿದ್ದಾಗ ಸೊಂಟದ ಮೇಲೆ ಎತ್ತಿ ತೋರಿಸುತ್ತಿದ್ದವಳು. ಪಾರ್ವತೆಮ್ಮನ ನಾಲಿಗೆಯ ತುದಿಗೆ ಹೆಸರು ಬಂದೇಬಿಟ್ಟಿತ್ತು.

“ಯಾವ ಕೇರಿ ಅನ್ನಾಕತ್ತಾಳ್ರೀ ಆಕಿ?” ಮಾಲೀಕಳು ಕಪ್ಪನ್ನು ಕೆಳಗಿಟ್ಟಳು. “ನಿಮಗ ಗುರ್ತೇನ್ರಿ?”

ಪಾರ್ವತೆಮ್ಮ ಮಗನನ್ನು ನೋಡಿದಳು. ಶೇಖರ ರಿಮೋಟನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ, ಅವನ ಮುಖದಲ್ಲಿ ರಕ್ತವಿರಲಿಲ್ಲ. ಗೇಟಿನಿಂದ ಗೇಟಿಗೆ ಅಲೆದ ಆ ದಿನಗಳಲ್ಲಿ ರಾತ್ರಿ ಉಣ್ಣದೆ ಮಲಗುತ್ತಿದ್ದ ಹುಡುಗನ ಮುಖ ಅದು. ಉಮಾದೇವಿ ಅಡುಗೆಮನೆಯ ಬಾಗಿಲಲ್ಲಿ ನಿಂತಲ್ಲೇ ನಿಂತಿದ್ದಳು.

“ಇಲ್ರೀ,” ಅಂದಳು ಪಾರ್ವತೆಮ್ಮ. “ಯಾರೋ ಏನೋ. ನಮ್ದು ಮಾನ್ವಿ.”

ಭೀಮವ್ವ ಸರಳಿನ ಆಚೆ ಅಲ್ಲಾಡಲಿಲ್ಲ. ಸೋಫಾ ನೋಡಿದಳು, ಅದರ ಮೇಲೆ ಕೂತವಳನ್ನು ನೋಡಿದಳು, ಶೇಖರನನ್ನು, ಮತ್ತೆ ಪಾರ್ವತೆಮ್ಮನನ್ನು. ಊರೂರು ಕೂಲಿಗೆ ತಿರುಗಿದ ಹೆಂಗಸು. ಇಂಥದ್ದು ಅರ್ಥವಾಗಲು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಹಿಂದೆ ಗೌಡತಿಯ ಎದುರು ನಿಲ್ಲುವಾಗ ಬಾಗುತ್ತಿದ್ದಷ್ಟೇ ಬಾಗಿದಳು.

“ತಪ್ಪಾತ್ರೀ ಅಮ್ಮಾರೆ. ಕಣ್ಣು ಸರಿ ಕಾಣಂಗಿಲ್ಲ ನನಗ.”

ಮಕ್ಕಳನ್ನು ಗದರಿಸಿಕೊಂಡು ಹೊರಟಳು. ಪಾರ್ವತೆಮ್ಮ ಕಿಟಕಿ ಮುಚ್ಚಿದಳು. ಹೊಸ ಬಣ್ಣ ಬಳಿದಿದ್ದ ಅಗಳಿ ಬಿಗಿಯಾಗಿತ್ತು, ಎರಡು ಸಲ ಗುದ್ದಿದ ಮೇಲೆ ಬಿತ್ತು. ಇವರಿಗೆ ಸಲುಗೆ ಕೊಡಬಾರದು ಎಂದು ಹೇಳುತ್ತ ಮಾಲೀಕಳು ತಣ್ಣಗಾದ ಚಹಾದ ಕೊನೆಯ ಗುಟುಕನ್ನೂ ಬಿಡದೆ ಕುಡಿದಳು. ಸಿನಿಮಾ ಮುಗಿಯುವವರೆಗೂ ಕೂತಿದ್ದಳು.

ಅವಳು ಮೆಟ್ಟಿಲು ಹತ್ತಿದ ಮೇಲೆ ಶೇಖರ ಅವ್ವನ ಪಕ್ಕ ಬಂದು ಕೂತ. ಅವನಿಗೆ ಹೀಗೆ ಪಕ್ಕ ಕೂತು ರೂಢಿಯಿಲ್ಲ. “ಛಲೋ ಮಾಡ್ದಿ ಯವ್ವಾ. ಮನಿ ಉಳಿಸಿದಿ,” ಎಂದು ರಿಮೋಟನ್ನು ಅವಳ ಕೈಗಿಟ್ಟ. ಒಬ್ಬ ತಾಯಿಗೆ ಮಗನಿಂದ ಸಿಗಬಹುದಾದ ಹೊಗಳಿಕೆಗಳಲ್ಲಿ ಇದರಷ್ಟು ಹೊಲಸಾದದ್ದು ಬೇರೊಂದಿರಲಾರದು. ಅವಳು ರಿಮೋಟನ್ನು ಅವನ ತೊಡೆಯ ಮೇಲೆ ವಾಪಸಿಟ್ಟು ಎದ್ದು ಹೋದಳು.

ಬೆಳಿಗ್ಗೆ ಇಬ್ಬರೂ ಕೆಲಸಕ್ಕೆ ಹೋಗುವುದನ್ನೇ ಕಾಯುತ್ತಿದ್ದಳು. ಜೋಳದ ರೊಟ್ಟಿ ಬಡಿದು, ಪುಂಡಿಪಲ್ಯ ಇಟ್ಟು, ಬಟ್ಟೆಯಲ್ಲಿ ಕಟ್ಟಿಕೊಂಡು ರಸ್ತೆ ದಾಟಿದಳು. ಈ ಬಡಾವಣೆಗೆ ಬಂದ ಮೇಲೆ ಆ ರಸ್ತೆಯನ್ನು ಅವಳು ದಾಟಿದ್ದು ಅದೇ ಮೊದಲು. ಕಟ್ಟಡದ ಮಗ್ಗುಲಲ್ಲಿ ಭೀಮವ್ವ ಒಬ್ಬಳೇ ಉಸುಕು ಸಾಣಿಸುತ್ತಿದ್ದಳು. ಸುತ್ತ ಯಾರೂ ಇರಲಿಲ್ಲ. ಪಾರ್ವತೆಮ್ಮ ಹತ್ತಿರ ಹೋಗಿ, ಭೀಮೀ ಎಂದಳು. ಜರಡಿ ನಿಲ್ಲಲಿಲ್ಲ.

“ಯಾರು ಬೇಕಾಗಿತ್ರೀ ಅಮ್ಮಾರೆ?”

“ನಾ ಪಾರಿ ಬೇ. ನಿನ್ನಿ ಆಕಿ ಕುಂತಿದ್ಲು, ಮನಿ ಮಾಲಕಿ. ನನ್ನ ಮಗ...” ರೊಟ್ಟಿಯ ಗಂಟನ್ನು ಚಾಚಿದಳು.

ಭೀಮವ್ವ ಜರಡಿ ಕೆಳಗಿಟ್ಟು, ಕೈ ಕೊಡವಿಕೊಂಡು ಅವಳನ್ನು ನೇರವಾಗಿ ನೋಡಿದಳು. ಗಂಟಿಗೆ ಕೈ ಒಡ್ಡಲಿಲ್ಲ.

“ನಮ್ಮ ಪಾರೀನ ಮಾನ್ವಿಗೆ ಕೊಟ್ಟಾರ್ರೀ. ಆಕಿ ಕೇರಿಯಾಗ ಇರ್ತಾಳ. ಆಕಿ ಮನಿಯಾಗ ಟಿವಿ ಅದ, ಬಾಗಿಲ ಮುಚ್ಚಂಗಿಲ್ಲಂತ. ಊರಿಗೆ ಬಂದವರು ಹೇಳ್ತಿದ್ರು, ಕೇಳಿ ಖುಷಿಪಡ್ತಿದ್ದೆ.” ಮತ್ತೆ ಬಾಗಿ ಜರಡಿ ಎತ್ತಿಕೊಂಡಳು. ಮೇಲಿನ ಮನೆಯ ಬಾಲ್ಕನಿಯ ಕಡೆಗೆ ಒಮ್ಮೆ ಕಣ್ಣು ಹಾಯಿಸಿ ದನಿ ತಗ್ಗಿಸಿದಳು. “ಒಳಗ ಹೋಗ್ರಿ ಅಮ್ಮಾರೆ. ನಮ್ಮ ಕೂಡ ನಿಂತಿದ್ದು ಯಾರರ ನೋಡಿದ್ರ ನಿಮ್ಮ ಮನಿ ಹೋಗ್ತದ.”

ಪಾರ್ವತೆಮ್ಮ ಒಳಗೆ ಹೋದಳು.