ಮಾತು ನಿಂತ ತಿಂಗಳು

ಅವನನ್ನು ಇಡೀ ಬೀದಿ 'ರೇಡಿಯೊ' ಅಂತಲೇ ಕರೆಯುತ್ತಿತ್ತು. ಬೆಳಿಗ್ಗೆ ಕಟಿಂಗ್ ಶಾಪಿನ ಶಟರ್ ಎತ್ತಿ, ಕೈಮುಗಿದು, ದೇವರಿಗೆ ಗಟ್ಟಿಯಾಗಿ ಊರಿನ ವರದಿ ಒಪ್ಪಿಸಿದರೆ ಮತ್ತೆ ಬಾಗಿಲು ಹಾಕುವವರೆಗೂ ಅವನ ಬಾಯಿಗೆ ಬಿಡುವಿಲ್ಲ. ಕತ್ತರಿ ಹಿಡಿದವನ ಮಾತಿಗೆ ಗಿರಾಕಿ ಎದ್ದು ಹೋಗುವಂತೆಯೂ ಇರಲಿಲ್ಲ. ಮನೆಯಲ್ಲೂ ಅದೇ ಕಥೆ. ಹೆಂಡತಿಯ ಪಾಲಿಗೆ ಉಳಿಯುತ್ತಿದ್ದದ್ದು ಒಂದು "ಹೂಂ" ಮಾತ್ರ. ಅವಳ ಸ್ವಭಾವವೇ ಹಾಗೆ, ಮಾತು ಕಮ್ಮಿ ಎಂದು ಅವನು ಇಪ್ಪತ್ತೆರಡು ವರ್ಷ ನಂಬಿದ್ದ.

ಹಾಗಿರುವಾಗ ಗಂಟಲು ಕೈಕೊಟ್ಟಿತು. ಡಾಕ್ಟರಮ್ಮ ನೋಡಿ, "ಹೆದರೋ ಅಂಥದ್ದಲ್ಲ, ಸಣ್ಣ ಗಂಟು, ತೆಗೀತೀನಿ. ಆಮೇಲೆ ಒಂದು ತಿಂಗಳು ಪಿಸುಮಾತೂ ಆಡೋ ಹಾಗಿಲ್ಲ. ದನಿ ಮೊದಲಿನ ಹಾಗೇ ಬರುತ್ತೆ ಅಂತ ಮಾತ್ರ ಹೇಳಲಾರೆ" ಅಂದರು.

ಆಪರೇಷನ್ ಮುಗಿಸಿ ಮನೆಗೆ ಬಂದವನು ಒಂದು ವಾರ ಗೋಡೆ ನೋಡುತ್ತಾ ಮಲಗಿದ. ಕೊನೆಗೆ ಚೀಟಿಯಲ್ಲಿ ಬರೆದ: "ನನ್ನ ಬಾಯಿ ಕಟ್ಟಿ ದೇವರಿಗೇನು ಸಿಕ್ಕಿತು?"

ಹೆಂಡತಿ ಓದಿ ನಕ್ಕಳು. "ಸ್ವಲ್ಪ ವಿಶ್ರಾಂತಿ ಸಿಕ್ಕಿರಬೇಕು, ಪಾಪ! ನೋಡಿ, ಇಷ್ಟು ವರ್ಷ ನಿಮ್ಮ ಮಾತು ಕೇಳಿದೋನಿಗೆ ನೀವು ಸುಮ್ಮನಿದ್ರೂ ಅರ್ಥವಾಗುತ್ತೆ. ಕೈಬಿಡೋನಲ್ಲ ಅವನು. ಏಳಿ, ಶಾಪು ತೆಗೆಯೋಣ. ಕೈಗೇನೂ ಆಗಿಲ್ವಲ್ಲ? ಬಾಯಿಗೆ ನಾನು ಬರ್ತೀನಿ."

ಕನ್ನಡಿ ಪಕ್ಕದ ಬೆಂಚಿನಲ್ಲಿ ಅವಳು ಕೂತಳು. ಮೊದಲೆರಡು ದಿನ "ಎಷ್ಟು ಗಿಡ್ಡ ಮಾಡಬೇಕು? ಮೀಸೆ ಮುಟ್ಟೋದಾ?" ಅಷ್ಟೇ. ಮೂರನೆಯ ದಿನ ಬೇಕರಿಯವನು ಅತ್ತೆಯ ಮೇಲೆ ದೂರು ತೆಗೆದ. ಅದಕ್ಕೆ ಅವಳು, ತನ್ನ ಸೋದರತ್ತೆ ಪೊರಕೆ ಹಿಡಿದು ಕಳ್ಳನನ್ನು ಮೂರು ಬೀದಿ ಅಟ್ಟಿಸಿಕೊಂಡು ಹೋದದ್ದನ್ನು, ಸಿಕ್ಕಿಬಿದ್ದವನು ಹೊಸ ಅಳಿಯನಾಗಿದ್ದದ್ದನ್ನು ಅಭಿನಯ ಸಮೇತ ಹೇಳಿದಳು. ಬೇಕರಿಯವನು ನಕ್ಕ ನಗೆಗೆ ಮೆಷಿನ್ ಜಾರಿ, ಕಿವಿಯ ಮೇಲೊಂದು ರಸ್ತೆಯೇ ಆಯಿತು.

"ಇರಲಿ, ಆ ಕಡೆಯೂ ಒಂದು ಹಾಕಿಬಿಡು. ಅಕ್ಕಾ, ಅಳಿಯ ಏನಂದ?"

ರೇಡಿಯೊ ಹೆಂಡತಿಯನ್ನು ಬೆರಗಿನಿಂದ ನೋಡಿದ. ಇಷ್ಟೊಂದು ಕಥೆ ಇವಳ ಹೊಟ್ಟೆಯಲ್ಲಿತ್ತೆ!

ಮತ್ತೊಂದು ದಿನ, ರಿಟೈರಾದ ಮೇಷ್ಟ್ರು ಕುರ್ಚಿಯಲ್ಲಿದ್ದರು. "ಇಂಥ ವಾಚಾಳಿ ಜೊತೆ ಹೇಗಮ್ಮ ಬಾಳಿದೆ?" ಎಂದು ಕೆಣಕಿದರು.

ಅವಳು ಹೇಳಿದಳು: "ಮಗಳು ಹುಟ್ಟೋವಾಗ ತುಂಬ ಕಷ್ಟವಾಗಿತ್ತು ಮೇಷ್ಟ್ರೇ. ಕೈಕಾಲು ತಣ್ಣಗಾಗ್ತಿತ್ತು. ಬಾಗಿಲಾಚೆ ಇವರು ಆಸ್ಪತ್ರೆ ವಾಚ್‌ಮನ್ ಹತ್ರ ಒಂದೇ ಸಮ ಮಾತಾಡ್ತಿದ್ರು. ಆ ದನಿ ಕೇಳ್ತಿರೋವರೆಗೂ ನಂಗೇನೂ ಆಗಲ್ಲ ಅನ್ನಿಸ್ತು. ದೇವರೇ ಮಾತಾಡಿಸ್ತಿದ್ದಾನೆ ಅಂದ್ಕೊಂಡೆ."

ಕತ್ತರಿ ನಿಂತಿತು. ಅಂದು ಅವನು ಮಾತಾಡಿದ್ದು ಜೀವ ಬಾಯಿಗೆ ಬಂದಿದ್ದಕ್ಕೆ. ಒಳಗೆ ಅವಳಿಗೆ ಹೇಗಿತ್ತು ಎಂದು ಆಮೇಲೆ ಒಮ್ಮೆಯೂ ಕೇಳಿರಲಿಲ್ಲ. ಕೈಗೆ ಸಿಕ್ಕ ಬಟ್ಟೆಯಲ್ಲಿ ಕಣ್ಣೊರೆಸಿಕೊಂಡ.

"ಏಯ್, ಅದು ನನಗೆ ಹೊದಿಸಿದ ಟವಲ್ಲು ಕಣಯ್ಯಾ!" ಎಂದರು ಮೇಷ್ಟ್ರು. ಮೂವರೂ ನಕ್ಕರು, ಅವನು ಸದ್ದಿಲ್ಲದೆ.

ಮರುದಿನ ಶಟರ್ ಎತ್ತಿ ಕೈಮುಗಿದು ನಿಂತಾಗ ದೂರು ಹೇಳೋಣವೆಂದರೆ ಒಂದೂ ನೆನಪಾಗಲಿಲ್ಲ. ಪಕ್ಕದಲ್ಲಿ ಪೊರಕೆ ಹಿಡಿದು ನಿಂತವಳನ್ನು ಕಣ್ಣು ತುಂಬ ನೋಡಿದ. ದನಿ ಬರಲಿ, ಬಾರದಿರಲಿ, ನಿನ್ನಿಷ್ಟ ಎಂದು ದೇವರಿಗೆ ಮನಸ್ಸಿನಲ್ಲೇ ಒಪ್ಪಿಸಿಬಿಟ್ಟ. ಎದೆ ಹಗುರಾಯಿತು.

ತಿಂಗಳು ತುಂಬಿತು. "ಏನಾದ್ರೂ ಮಾತಾಡಿ" ಅಂದರು ಡಾಕ್ಟರಮ್ಮ. ಅವನು ಹೆಂಡತಿಯತ್ತ ತಿರುಗಿದ. "ನೀನಿಲ್ದಿದ್ರೆ ನಾನೇನಾಗ್ತಿದ್ದೆ, ಕಣೇ?"

"ಅಯ್ಯೋ, ಎಣ್ಣೆ ಕಾಣದ ಬಾಗಿಲಿನ ಹಾಗಿದೆಯಲ್ರೀ ದನಿ!" ಎನ್ನುತ್ತ ಅವಳು ನಕ್ಕಳು. ನಗುನಗುತ್ತಲೇ ಅತ್ತಳು.

ದನಿ ಹಾಗೇ ಉಳಿಯಿತು, ತಗ್ಗಿ, ಒರಟಾಗಿ. ಅವನಿಗೆ ಅದರ ಚಿಂತೆಯಿಲ್ಲ. ಬೆಂಚಿನ ಜಾಗಕ್ಕೆ ಮೆತ್ತನೆಯ ಕುರ್ಚಿಯೊಂದು ಬಂದಿದೆ. ಅವಳು ಬರುವ ದಿನ ಗಿರಾಕಿಗಳು ಜಾಸ್ತಿ. ಕಥೆಯ ನಡುವೆ ಅವಳು ನೀರು ಕುಡಿಯಲು ನಿಲ್ಲಿಸಿದರೆ ಎಲ್ಲರಿಗಿಂತ ಮೊದಲು ಕೇಳುವವನು ಅವನೇ: "ಆಮೇಲೆ?"