ತೊಡಕಿನ ದಿನ ಅಳಬಾರದು

ಯುಗಾದಿಯ ಮಾರನೇ ದಿನ ನಮ್ಮ ಮಳವಳ್ಳಿ ಸೀಮೆಯಲ್ಲಿ ವರ್ಷತೊಡಕು. ಆವತ್ತು ಏನು ಮಾಡ್ತೀವೋ ವರ್ಷವೆಲ್ಲ ಅದೇ ಅಂತ ನಂಬಿಕೆ. ಅದಕ್ಕೇ ಆವತ್ತು ಎಂಥ ಮುಂಗೋಪಿಯೂ ಮಕ್ಕಳ ಮೇಲೆ ಕೈ ಎತ್ತುವುದಿಲ್ಲ, ಸೋಮಾರಿಯೂ ಎದ್ದು ಹೊಲದಲ್ಲಿ ಒಂದು ಸುತ್ತು ಉತ್ತು ಬರುತ್ತಾನೆ, ಮನೆಮನೆಯಲ್ಲೂ ಬಾಡಿನ ಸಾರು ಕುದಿಯುತ್ತದೆ. ಅಳುವುದಂತೂ ಕೂಡದೇ ಕೂಡದು. ಯಾವ ಪುಣ್ಯಾತ್ಮ ಮಾಡಿದ ಕಟ್ಟಳೆಯೋ ಏನೋ! ಆ ವರ್ಷ ಅವನ ಮನೆಯಲ್ಲಿ ಯಾರೂ ಸತ್ತಿರಲಿಲ್ಲ ಅಂತ ಕಾಣುತ್ತೆ.

ಬೆಳಕವಾಡಿಯ ಕೆಂಪಸಿದ್ದಯ್ಯನ ಮನೆಯಲ್ಲಿ ಸತ್ತಿದ್ದರು. ಇದ್ದೊಬ್ಬ ಮಗಳು ದೇವಿರಮ್ಮ, ಹದಿನಾರರ ಹುಡುಗಿ, ಕಾಮಾಲೆಯಾಗಿ ಹಬ್ಬ ಇನ್ನೇನು ವಾರವಿದೆ ಅನ್ನುವಾಗ ಕಣ್ಣು ಮುಚ್ಚಿದಳು. ಮುಗಿಯುತ್ತಿದ್ದದ್ದು ಆನಂದ ಸಂವತ್ಸರ. ಹೆಸರಿಡುವವರಿಗೇನು, ಇಟ್ಟು ಹೋಗುತ್ತಾರೆ.

ಆ ಸಲ ಅವರ ಮನೆಯಲ್ಲಿ ಹಬ್ಬವಿಲ್ಲ, ಕೇರಿಗೆಲ್ಲ ಹಬ್ಬ. ತೊಡಕಿನ ದಿನ ಪಕ್ಕದ ಮನೆಯ ಮಸಾಲೆ ಘಮ ಮೂಗಿಗೆ ಬಡಿದದ್ದೇ, ಅದುವರೆಗೂ ಒಂದು ಹನಿ ಹಾಕದೆ ಮರಗಟ್ಟಿ ಕೂತಿದ್ದ ತಾಯಿ ಬೆಳ್ಳಮ್ಮನಿಗೆ ಅಳು ಕಿತ್ತುಕೊಂಡು ಬಂತು. ಬಾಯಿ ತೆರೆದಳು. ಅಷ್ಟರಲ್ಲಿ ಗಂಡ ಓಡಿ ಬಂದು ಅಂಗೈಯಿಂದ ಬಾಯಿ ಮುಚ್ಚಿದ.

"ಅಳ್ಬ್ಯಾಡ ಕಣಮ್ಮಿ. ಇವತ್ತು ಅತ್ರೆ ವರ್ಸವೆಲ್ಲ ಅಳ್ಬೇಕಾಯ್ತದೆ. ಇದೊಂದಿನ ತಡ್ಕೊ, ನಾಳೀಕೆ ಅತ್ಕೊಳಿವಂತೆ."

ಬೆಳ್ಳಮ್ಮ ತಡೆದುಕೊಂಡಳು. ಮಾರನೇ ದಿನ ಅಳೋಣವೆಂದು ಕೂತರೆ ಅಳು ಬರಲಿಲ್ಲ. ಅದರಾಚೆ ದಿನವೂ ಇಲ್ಲ. ತಿಥಿಯ ದಿನ ಅತ್ತೆ ಪಟ್ಟಲಮ್ಮ ಎದೆ ಬಡಿದುಕೊಂಡು ಅತ್ತರೂ ಸೊಸೆ ಹಿಟ್ಟು ತೊಳಸುತ್ತ ನಿಂತಿದ್ದಳು. ಕೇರಿಯವರು "ಗಟ್ಟಿಗಿತ್ತಿ ಕಣಪ್ಪ" ಅಂದರು. ಅವರ ಬಾಯಿಗಿಷ್ಟು! ಅವಳು ಗಟ್ಟಿಯಾಗಿರಲಿಲ್ಲ, ಖಾಲಿಯಾಗಿದ್ದಳು.

ಹಾಗೇ ವರ್ಷ ಉರುಳಿತು. ನಾಟಿಗೆ ಹೋದಳು, ಕಳೆ ಕಿತ್ತಳು, ಉಂಡಳು, ಮಲಗಿದಳು. ಪಂಚಾಯ್ತಿ ರೇಡಿಯೋದಲ್ಲಿ ದೇಶಕ್ಕೆಲ್ಲ ತುರ್ತು ಪರಿಸ್ಥಿತಿ ಬಂತು ಅಂದಾಗ ಗಂಡಸರು ಗುಸುಗುಸು ಮಾಡಿದರು. ಇವಳು ಬಿಂದಿಗೆ ಎತ್ತಿಕೊಂಡು ಮನೆಗೆ ಬಂದಳು. ಒಂದು ಮಾತ್ರ ಅವಳಿಂದ ಆಗಲಿಲ್ಲ. ಮೊದಲೆಲ್ಲ ಮಗಳ ಹೆಸರು ಹಿಡಿದು ಗಂಡನನ್ನು "ದೇವಿರಪ್ಪ" ಅಂತ ಕೂಗುತ್ತಿದ್ದಳು, ಅವನು ಇವಳನ್ನು "ದೇವಿರವ್ವ" ಅಂತ. ಮಗಳು ಹೋದ ಮೇಲೆ ಇಬ್ಬರಿಗೂ ಕೂಗಲು ಹೆಸರೇ ಉಳಿಯಲಿಲ್ಲ. ಅವನು ಕೆಮ್ಮಿದರೆ ಇವಳು ತಿರುಗುವಳು, ಇವಳು ತಟ್ಟೆ ಕುಕ್ಕಿದರೆ ಅವನು ಉಣ್ಣಲು ಬರುವನು.

ಈ ಸಲದ ಯುಗಾದಿ ಅಮಾವಾಸ್ಯೆ ಬಂತು. ಮಗಳು ಹೋಗಿ ವರ್ಷ ತುಂಬಿದ್ದರಿಂದ ಹಬ್ಬ ಮಾಡಬಹುದಿತ್ತು. ಬೆಳ್ಳಮ್ಮ ಜಗುಲಿ ಸಾರಿಸುತ್ತಿದ್ದಾಗ ಎದುರುಮನೆ ಸಣ್ಣತಾಯಮ್ಮ ನಿಂತು ಕೇಳಿದಳು, "ಎಂಗಿದ್ದೀಯವ್ವ?"

"ಸೆಂದಾಗಿವ್ನಿ ಕಣಕ್ಕ."

ಬಾಯಿಗೆ ಬಂದಂತೆ ಅಂದ ಮಾತು. ಸಣ್ಣತಾಯಮ್ಮ ಹೋದ ಮೇಲೆ ಸಗಣಿ ಕೈಯಲ್ಲೇ ಕೂತು ಯೋಚಿಸಿದಳು. ಸುಳ್ಳೇನು? ನಾಲೆಗೆ ಹೊತ್ತಿಗೆ ಸರಿಯಾಗಿ ನೀರು ಬಂತು, ಭತ್ತ ಚೆನ್ನಾಗಾಯಿತು, ಯಾರಿಗೂ ಜ್ವರವಿಲ್ಲ, ಎಮ್ಮೆ ಕರು ಹಾಕಿತು. ವರ್ಷ ಚೆನ್ನಾಗಿಯೇ ಹೋಗಿತ್ತು. ಮಗಳಿಲ್ಲದ ವರ್ಷ, ಚೆನ್ನಾಗಿ! ತನ್ನ ಮೇಲೇ ಅಸಹ್ಯವಾಗಬೇಕಿತ್ತು. ಅದೂ ಆಗಲಿಲ್ಲ.

ಆಗ ಅವಳಿಗೆ ಹೊಳೆಯಿತು: ಹೋದ ತೊಡಕಿನ ದಿನ ಅಳದೇ ಇದ್ದದ್ದಕ್ಕೇ ವರ್ಷವೆಲ್ಲ ಅಳಲಿಲ್ಲ. ಈ ತೊಡಕಿನ ದಿನವೂ ಅಳದಿದ್ದರೆ ಇನ್ನೊಂದು ವರ್ಷ ಹೀಗೇ. ಹೆತ್ತವಳು ಒಂದು ಹನಿ ಕಣ್ಣೀರು ಹಾಕದೆ ಆ ಮಗು ಹೋದಂಗೇ ಆಯಿತಲ್ಲ. ಏನಾದರೂ ಆಗಲಿ, ಆವತ್ತು ಅತ್ತೇ ಬಿಡಬೇಕು ಅಂದುಕೊಂಡಳು.

ತೊಡಕಿನ ಬೆಳಿಗ್ಗೆ ಅತ್ತೆ, ಗಂಡ ಇಬ್ಬರೂ ಹೊರಗಿದ್ದಾಗ ಟ್ರಂಕು ತೆಗೆದು ಮಗಳ ಹಸಿರು ರವಿಕೆಯನ್ನು ಮುಖಕ್ಕೆ ಒತ್ತಿಕೊಂಡಳು. ನುಸಿಗುಳಿಗೆ ವಾಸನೆ ಬಂತು. ಮಗಳು ಕೊನೆಗೆ ನೀರು ಕೇಳಿದ್ದನ್ನು ನೆನೆದಳು, ಹಳದಿ ತಿರುಗಿದ ಕಣ್ಣು ನೆನೆದಳು. ಊಹೂಂ. ರವಿಕೆ ಮಡಿಸಿಟ್ಟು ಒಲೆ ಮುಂದೆ ಕೂತು ಈರುಳ್ಳಿ ಹೆಚ್ಚಿದಳು. ಕಣ್ಣಿಂದ ದಳದಳ ನೀರು ಸುರಿಯಿತು.

"ಅಳ್ತಾ ಇದ್ದೀಯೇನೇ?" ಪಟ್ಟಲಮ್ಮ ಗಾಬರಿಯಿಂದ ಒಳಗೆ ಬಂದಳು.

"ಈರುಳ್ಳಿ ಕಣತ್ತೆ."

ಸದ್ಯ ಅಂದಳು ಮುದುಕಿ. ಬೆಳ್ಳಮ್ಮನೂ ಸೆರಗಲ್ಲಿ ಕಣ್ಣೊರೆಸಿಕೊಂಡಳು. ಒರೆಸಿದ್ದೇ ಒಣಗಿತು.

ಕೇರಿಯವರೆಲ್ಲ ಸೇರಿ ಕುಯ್ದ ಮರಿಯ ಬಾಡನ್ನು ಗುಡ್ಡೆ ಹಾಕಿ ಪಾಲು ಮಾಡಿದ್ದರು. ಕೆಂಪಸಿದ್ದಯ್ಯ ತನ್ನ ಪಾಲನ್ನು ಮುತ್ತುಗದ ಎಲೆಯಲ್ಲಿ ತಂದ. ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು, ಅದರೊಳಗಿನ ಈಲಿಯ ತುಂಡು, ಪೇಟೆಯವರು ಲಿವರ್ ಅನ್ನುವುದನ್ನು, ಆರಿಸಿ, ಉಪ್ಪು ಖಾರ ಸವರಿ ಕೆಂಡಕ್ಕೆ ತಳ್ಳಿದ. ಪ್ರತಿ ಹಬ್ಬಕ್ಕೂ ಅವನು ಮಾಡುತ್ತಿದ್ದ ಕೆಲಸ. ಸುಟ್ಟ ಈಲಿ ಅಂದರೆ ಹುಡುಗಿ ಪ್ರಾಣ ಬಿಡುತ್ತಿದ್ದಳು. ಬೆಳ್ಳಮ್ಮ ನೋಡುತ್ತಲೇ ಇದ್ದಳು. ಅವನು ಕಡ್ಡಿಯಲ್ಲಿ ಮಗುಚಿ ಹಾಕಿ, ಬೆಂತೇ ಅಂತ ಚುಚ್ಚಿ ನೋಡಿ, ಹಿತ್ತಿಲ ಕಡೆ ತಿರುಗಿ ಕೂಗಿದ.

"ದೇವಿರೀ, ಬಾವ್ವ, ಬೆಂದದೆ!"

ಕೂಗಿದ ಮೇಲೆ ಕಡ್ಡಿ ಹಿಡಿದುಕೊಂಡೇ ಕೂತ. ಆಮೇಲೆ ಆ ಗಂಡಸು ಹೋ ಅಂತ ಒಡೆದುಕೊಂಡ.

"ಅಯ್ಯೋ ಮುಚ್ಚೋ ಬಾಯ! ತೊಡ್ಕಿನ ದಿನ ಕಣೋ, ಮನೆ ಆಳಾಗೋಯ್ತದೆ!" ಪಟ್ಟಲಮ್ಮ ಕಿರುಚಿದಳು.

ಬೆಳ್ಳಮ್ಮನ ಕೈ ತಾನೇ ಹೋಗಿ ಗಂಡನ ಬಾಯಿ ಮುಚ್ಚಿತು. ಅಂಗೈಯೊಳಗೆ ಅವನ ಉಸಿರು ಬಿಸಿಯಾಗಿ ಹೊಡೆಯಿತು, ಅಳು ಹೊರಗೆ ಬರಲು ತಳ್ಳುತ್ತಿತ್ತು. ಅದು ಹೇಗೆ ತಳ್ಳುತ್ತೆ, ಆಮೇಲೆ ಹೇಗೆ ಸುಮ್ಮನಾಗುತ್ತೆ, ಸುಮ್ಮನಾದ ಮೇಲೆ ವರ್ಷ ಹೇಗೆ ಹೋಗುತ್ತೆ, ಎಲ್ಲ ಅವಳಿಗೆ ಗೊತ್ತಿತ್ತು. ಕೈ ತೆಗೆದಳು.

"ಅಳು ದೇವಿರಪ್ಪ," ಅಂದಳು. "ವರ್ಸವೆಲ್ಲ ಅಳು. ನನ್ ಪಾಲ್ದೂ ನೀನೇ ಅತ್ಬುಡು."

ಈಲಿ ಸೀಯತೊಡಗಿತ್ತು. ಅವಳು ಅದನ್ನು ಕೆಂಡದಿಂದ ಎತ್ತಿ, ಬೂದಿ ಊದಿ, ಎಲೆಯ ಮೇಲಿಟ್ಟಳು.